ಕೊಬ್ಬಿದವನಿಗೆ ಬಾಗಿಲ ಪಕ್ಕ

ಸುಳ್ಳು ಅನ್ನುವ ಗಂಡೆದೆ ಇದ್ದವರು ಹಿಮಾಲಯ ಹತ್ತಿ ನೋಡಿ ಬರಲಿ! ಅಲ್ಲಿ, ಮರವೂ ಬೆಳೆಯಲು ಹೆದರುವ ಎತ್ತರದಲ್ಲಿ, ಮಾರ್ಮಟ್ ಎಂಬ ಪ್ರಾಣಿಗಳಿವೆ. ಜಾತಿಯಲ್ಲಿ ಅಳಿಲು, ಗಾತ್ರದಲ್ಲಿ ಬೆಕ್ಕಿನ ಅಪ್ಪ. ಬೇಸಿಗೆಯೆಲ್ಲ ಹುಲ್ಲು ಮೇದು ಕೊಬ್ಬುತ್ತವೆ. ಹಿಮ ಬಿತ್ತೋ, ಬಿಲದ ಬಾಯಿಗೆ ಒಳಗಿನಿಂದಲೇ ಮಣ್ಣು ಮೆತ್ತಿ, ಮನೆಮಂದಿಯೆಲ್ಲ ಒತ್ತೊತ್ತಾಗಿ ಮಲಗಿ, ಅರ್ಧ ವರ್ಷ ನಿದ್ದೆ ಹೊಡೆಯುತ್ತವೆ.

ಅಂಥ ಒಂದು ಬಿಲದಲ್ಲಿ ಡೊಳ್ಳಪ್ಪ ಎಂಬ ಮಾರ್ಮಟ್ ಇದ್ದ. ಮೈಯ ಕೊಬ್ಬಿಗಿಂತ ಮಾತಿನ ಕೊಬ್ಬೇ ಹೆಚ್ಚು. ಚಳಿಗಾಲಕ್ಕೆ ನಟ್ಟನಡುವಿನ ಬೆಚ್ಚನೆ ಜಾಗ ತನಗೇ ಬೇಕೆಂದು ಅವನ ಲೆಕ್ಕಾಚಾರ.

ಉಳಿದವರು ಹಾಸಿಗೆಗೆಂದು ಒಣಹುಲ್ಲನ್ನು ಬಾಯಲ್ಲಿ ಕಚ್ಚಿ ಸಾಗಿಸುತ್ತಿದ್ದರು. ಡೊಳ್ಳಪ್ಪ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿದ್ದ.

"ಭಾವ, ನೀವೂ ಎರಡು ಕಂತೆ ತರಬಾರದಾ?" ಎಂದಳು ಮೂರು ಮರಿಗಳ ತಾಯಿ ಕೆಂಚಿ.

"ನಾನು ಕಾವಲು ಕಣಮ್ಮ! ಹದ್ದು ಬಂದರೆ ಸಿಳ್ಳೆ ಹಾಕೋರು ಯಾರು?"

"ನಿನ್ನೆ ಹದ್ದು ಬಂದಾಗ ಸಿಳ್ಳೆ ಹಾಕಿದ್ದು ನಾನು. ನೀವು ಗೊರಕೆ ಹೊಡೀತಿದ್ರಿ."

"ಸಿಳ್ಳೆ ಪುಕ್ಕಲರಿಗೆ! ಈ ಹೊಟ್ಟೆ ನೋಡು. ಬಿಲದ ಬಾಗಿಲಿಗೆ ಅಡ್ಡ ನಿಂತರೆ ಹದ್ದೂ ನುಸುಳಲ್ಲ, ಗಾಳೀನೂ ನುಸುಳಲ್ಲ. ಈ ಬೆಟ್ಟದಲ್ಲಿ ನನ್ನಷ್ಟು ಕೊಬ್ಬಿದವನಿದ್ದರೆ ಕರ್ಕೊಂಡು ಬಾ!"

ಇದನ್ನೇ ಅವನು ಬೇಸಿಗೆಯುದ್ದಕ್ಕೂ ಬಿಲಬಿಲಕ್ಕೆ ಹೋಗಿ ಸಾರಿದ.

ಮೊದಲ ಹಿಮ ಬಿತ್ತು. ಡೊಳ್ಳಪ್ಪ ಮರಿಗಳನ್ನು ಒತ್ತರಿಸಿ, ಎಲ್ಲರಿಗಿಂತ ಮುಂಚೆ ಒಳಗೆ ನುಗ್ಗಿ, ನಡುಹಾಸಿಗೆಯಲ್ಲಿ ಕಾಲು ಚಾಚಿದ.

ಬಿಲದ ಹಿರಿಯಳು ಬೂದಜ್ಜಿ ಬಂದು ನೋಡಿದಳು. "ಏಳೋ ಮಗಾ. ನಡುವೆ ಮಲಗೋದು ಮೈಯಲ್ಲಿ ಕೊಬ್ಬಿಲ್ಲದ ಮರಿಗಳು. ಎಲ್ಲರಿಗಿಂತ ಕೊಬ್ಬಿದವನಿಗೆ ಬಾಗಿಲ ಪಕ್ಕ. ಮುತ್ತಾತನ ಕಾಲದ ಕಟ್ಟಳೆ ಇದು."

ಡೊಳ್ಳಪ್ಪ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡ. "ಅಯ್ಯೋ ಅಜ್ಜಿ, ನಾನು ಬಡಕಲು! ಇದೆಲ್ಲ ಬರೀ ತುಪ್ಪಳ!"

"ಹಂಗಾದ್ರೆ ಹದ್ದನ್ನ ತಡೀತಿದ್ದದ್ದು ತುಪ್ಪಳಾನಾ ಭಾವ?" ಎಂದಳು ಕೆಂಚಿ.

ಬಿಲಕ್ಕೆ ಬಿಲವೇ ನಕ್ಕಿತು. ಎಷ್ಟು ಹೊತ್ತು ತಾನೇ ಉಸಿರು ಹಿಡಿದಾನು? ಹೊಟ್ಟೆ ಧೊಪ್ಪನೆ ಹೊರಬಂದು ತಾನೇ ಸಾಕ್ಷಿ ಹೇಳಿತು.

"ಗಾಳೀನೂ ನುಸುಳಲ್ಲ ಅಂದೆಯಲ್ಲ, ಹೋಗಿ ತಡಿ," ಎಂದಳು ಅಜ್ಜಿ. ಮರಿಗಳು ನಡುವೆ ಸೇರಿಕೊಂಡವು.

ಡೊಳ್ಳಪ್ಪನಿಗೆ ಕೊನೆಗೆ ಸಿಕ್ಕಿದ್ದು ಇಷ್ಟು: ಬಾಗಿಲ ಪಕ್ಕದ ತಣ್ಣನೆ ನೆಲ, ಮತ್ತು ಬೇಸಿಗೆಯಲ್ಲಿ ಅವನು ಹೊತ್ತು ತಂದಷ್ಟೇ ಹಾಸಿಗೆ.

ನೀತಿ: ದುಡಿಯದೆ ಬಡಾಯಿ ಕೊಚ್ಚುವವನಿಗೆ ಅವನ ಮಾತೇ ಉರುಳು.