ನಾಯಕರ ಕಬ್ಬಿಣದ ಮುಷ್ಟಿ

ಕೆಂಚನಕೋಟೆಯ ಬಸವಂತನಾಯಕರಲ್ಲಿ ಊಟಕ್ಕೆ ಬಂದ ಇಂಗ್ಲಿಷ್ ದೊರೆಯೊಬ್ಬ ಹೋಗುವಾಗ ಬಿಟ್ಟಿ ಬುದ್ಧಿ ಹೇಳಿ ಹೋದ. "ಪ್ರಜೆಗಳನ್ನು ಕಬ್ಬಿಣದ ಮುಷ್ಟಿಯಿಂದ ಆಳಬೇಕಂತೆ" ಎಂದ ದುಭಾಷಿ. ಬಿಗಿಯಾಗಿ ಆಳುವುದಕ್ಕೆ ಅವರ ಕಡೆ ಹಾಗನ್ನುತ್ತಾರೆ ಅಂತ ಹೇಳುವುದನ್ನು ಮಾತ್ರ ಮರೆತ.

ಮಾರನೆಯ ದಿನವೇ ನಾಯಕರು ಕಮ್ಮಾರ ಮೌನೇಶನನ್ನು ಕರೆಸಿದರು. ಮುಷ್ಟಿ ತಯಾರಾಯಿತು. ಮಡಚಿದ ಬೆರಳು, ಮಣಿಕಟ್ಟಿನಲ್ಲೊಂದು ಕೀಲು. ಬಲಗೈಗೆ ತೊಟ್ಟವರೇ ಗತ್ತಿನಿಂದ ಮೀಸೆ ತಿರುವಲು ಹೋಗಿ ಮೂಗು ಜಜ್ಜಿಕೊಂಡರು. ಮೌನೇಶ ಕಿಸಕ್ಕನೆ ನಕ್ಕುಬಿಟ್ಟ.

"ಹಾಕಿ ಇವನನ್ನ ಸೆರೆಗೆ!"

ಅವನ ಹೆಂಡತಿ ನೀಲವ್ವ ಅಲ್ಲೇ ಇದ್ದಳು. ನಾಯಕರಿಗೆ ವೀಳ್ಯ ಮಡಿಸಿಕೊಡುವ ಕೆಲಸ ಅವಳದು.

"ನಕ್ಕಿದ್ದಕ್ಕೆಲ್ಲ ಸೆರೆಯಾ, ಬುದ್ಧಿ? ಯಾವಾಗ ಬಿಡ್ತೀರಿ?"

"ಈ ಮುಷ್ಟಿ ಬಿಚ್ಚಿದಾಗ! ಇದು ಬಿಚ್ಚೋ ಜಾತಿಯದಲ್ಲ, ತಿಳ್ಕೋ!"

"ಆಗಲಿ ಬುದ್ಧಿ" ಎಂದಳು ನೀಲವ್ವ, ತೀರಾ ಮೆತ್ತಗೆ.

ನಾಯಕರಿಗೀಗ ವೀಳ್ಯ ಹಿಡಿಯಲು ಬೆರಳಿಲ್ಲ. ಎಡಗೈಯಲ್ಲಿ ತಿನ್ನುವುದುಂಟೇ? ನೀಲವ್ವನೇ ಬಾಯಿಗಿಡಬೇಕು. ಬೇಸಗೆಯ ಸಭೆ ಮಾವಿನ ಮರದಡಿ ಸೇರಿತ್ತು. ಅವಳು ಎಲೆಗೆ ಜೇನುತುಪ್ಪ ಧಾರಾಳವಾಗಿ ಸುರಿದಳು. ಬಾಯಿಗಿಡುವಾಗ ಪಾಪ, ಕೈ ನಡುಗಿತು. ಜೇನು ನಾಯಕರ ಮುಷ್ಟಿಯ ಮೇಲೆ ಸುರಿದು ಮಣಿಕಟ್ಟಿನ ಸಂದಿಯಲ್ಲಿ ಒಳಗಿಳಿಯಿತು. ಮಾವಿನ ಮರದ ಕೆಂಪಿರುವೆಗಳಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ.

ನಾಯಕರು ಮೊದಲು ಹುಬ್ಬು ಕುಣಿಸಿದರು. ಆಮೇಲೆ ಕಾಲು. ಆಮೇಲೆ ಪೂರ್ತಿ ಕುಣಿದರು.

"ಅಯ್ಯಯ್ಯೋ, ಬಿಚ್ರೋ ಇದನ್ನ!"

ಮಂತ್ರಿ ಎಳೆದ. ಸೇನಾಪತಿ ಜಗ್ಗಿದ. ತೋಳೇ ಕಿತ್ತು ಬರುವಂತಾಯಿತು, ಮುಷ್ಟಿ ಬರಲಿಲ್ಲ.

"ಕೀಲು ಗೊತ್ತಿರೋನು ಒಬ್ಬನೇ, ಬುದ್ಧಿ" ಎಂದಳು ನೀಲವ್ವ, ಅಡಕೆ ಕತ್ತರಿಸುತ್ತಾ. "ಮುಷ್ಟಿ ಬಿಚ್ಚಿದ ಮೇಲೆ ಅವನನ್ನ ಬಿಡ್ತೀನಿ ಅಂದ್ರಿ. ಅವನನ್ನ ಬಿಡದೆ ಮುಷ್ಟಿ ಬಿಚ್ಚೋದು ಹೆಂಗೆ?"

"ಬಿಟ್ಟೆ ಕಣೇ, ಬಿಟ್ಟೆ! ಓಡ್ರೋ, ಕರ್ಕೊಂಬನ್ನಿ!"

ಮೌನೇಶ ಬಂದು ಕೀಲು ತಿರುಗಿಸಿದ. ಬೋಂಡದ ಹಾಗೆ ಊದಿದ ಕೈಯಿಂದ ಕೊನೆಯ ಇರುವೆ ನಿಧಾನಕ್ಕೆ ಇಳಿದು ಹೋಯಿತು.

"ನೀಲವ್ವಾ" ಎಂದು ಗುರುಗುಟ್ಟಿದರು ನಾಯಕರು, "ಯಾವುದು ಕಣೇ ಈ ರಾಜದ್ರೋಹಿ ಇರುವೆ?"

"ನಿಮ್ಮ ಪ್ರಜೇನೇ ಬುದ್ಧಿ. ಮುಷ್ಟಿಯೊಳಗೆ ಸಿಕ್ಕಿಕೊಂಡಿತ್ತು. ಕೈಮುಗಿಯೋಕೆ ಜಾಗ ಇರಲಿಲ್ಲ, ಕಚ್ಚಿತು."

ನಾಯಕರು ಕೈ ನೋಡಿಕೊಂಡರು, ನೀಲವ್ವನನ್ನು ನೋಡಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಮೌನೇಶನೂ ನಕ್ಕ, ಈ ಸಲ ಅಪ್ಪಣೆ ಕೇಳಿಕೊಂಡು.

ಮುಷ್ಟಿ ನೀಲವ್ವನಿಗೇ ಇನಾಮಾಗಿ ಬಂತು. ಹಲ್ಲಿಲ್ಲದ ರಾಜಮಾತೆಗೆ ಅವಳು ದಿನಾ ಅದರಲ್ಲೇ ಅಡಕೆ ಕುಟ್ಟಿಕೊಡುತ್ತಿದ್ದಳು.