ತಾಳೆ ನೋಡಿ ಎಂದು ಬರೆದ ವೈದ್ಯ

“ಸರ್, ಕಂಡದ್ದು ಕಾಯಿಲೆಯೋ ಚಿತ್ರದ ದೋಷವೋ ಎಂಬ ಸಂದೇಹವಿದ್ದಾಗ ವರದಿಯಲ್ಲಿ ಏನೆಂದು ಬರೆಯಬೇಕು?”

ಹೀಗೆ ಕೇಳಿದವಳು ಶರ್ವಾಣಿ. ಸ್ಕ್ಯಾನ್ ಓದುವ ವಿದ್ಯೆ ಕಲಿಯಲು ಬಂದ ಹೊಸ ವೈದ್ಯೆ. ಗುರು ಮಹಾರುದ್ರಯ್ಯ ನೇರವಾಗಿ ಉತ್ತರಿಸಲಿಲ್ಲ. ಕತೆಯೊಂದನ್ನು ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದುವ ವೈದ್ಯನೊಬ್ಬನಿದ್ದ. ಅವನ ಯಂತ್ರ ಒಂದೇ ಎದೆಯನ್ನು ಎರಡು ಬಗೆಯ ಎಕ್ಸ್-ರೇಗಳಿಂದ ನೋಡುತ್ತಿತ್ತು. ಒಂದು ಕಡಿಮೆ ಶಕ್ತಿಯದು, ಇನ್ನೊಂದು ಹೆಚ್ಚು ಶಕ್ತಿಯದು. ರೋಗಿಯ ರಕ್ತಕ್ಕೆ ಸೇರಿಸಿದ ಅಯೋಡಿನ್ ಔಷಧ ಎರಡರಲ್ಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಆ ವ್ಯತ್ಯಾಸವನ್ನು ಹಿಡಿದು ಯಂತ್ರವು ಶ್ವಾಸಕೋಶದಲ್ಲಿ ರಕ್ತ ಎಲ್ಲೆಲ್ಲಿ ತಲುಪಿದೆಯೋ ಅಲ್ಲೆಲ್ಲ ಬಣ್ಣ ತುಂಬುತ್ತಿತ್ತು. ತಲುಪದ ಜಾಗ ಕಪ್ಪಾಗಿ ಉಳಿಯುತ್ತಿತ್ತು. ನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿದ್ದರೂ, ಅದರಾಚೆಗಿನ ಕಪ್ಪು ಅದರ ಗುಟ್ಟು ಬಿಟ್ಟುಕೊಡುತ್ತಿತ್ತು.

ಆದರೆ ಕಪ್ಪೆಲ್ಲ ಹೆಪ್ಪಲ್ಲ. ಎದೆಯ ದೊಡ್ಡ ರಕ್ತನಾಳದಲ್ಲಿ ಔಷಧ ದಟ್ಟವಾಗಿ ನಿಂತಾಗ ಅದರ ಪಕ್ಕದಲ್ಲಿ ಸುಳ್ಳು ಗೆರೆಗಳು ಮೂಡುತ್ತವೆ. ವೈದ್ಯ ಹಿಂದೊಮ್ಮೆ ಅಂಥ ಗೆರೆಯನ್ನೇ ಹೆಪ್ಪೆಂದು ಬರೆದಿದ್ದ. ಅವನ ಮಾತು ನಂಬಿ ರಕ್ತ ತೆಳುವಾಗಿಸುವ ಔಷಧ ಕೊಟ್ಟರು. ರೋಗಿಯ ಹೊಟ್ಟೆಯೊಳಗೆ ರಕ್ತ ಸೋರಿತು. ರೋಗಿ ಹೇಗೋ ಉಳಿದುಕೊಂಡ. ವೈದ್ಯರ ಸಭೆಯಲ್ಲಿ ಹಿರಿಯರೊಬ್ಬರು, “ಏನಪ್ಪಾ, ಮಿಷನ್ನು ರಂಗೋಲಿ ಹಾಕಿದ್ರೂ ಅದಕ್ಕೊಂದು ಕಾಯಿಲೆ ಹೆಸರು ಇಡ್ತೀಯಲ್ಲ?” ಎಂದರು. ಎಲ್ಲರೂ ನಕ್ಕರು.

ರೋಗಿಯ ಮುಖ ವೈದ್ಯನಿಗೆ ಮರೆತುಹೋಯಿತು. ನಗು ಮರೆಯಲಿಲ್ಲ. ಅಂದಿನಿಂದ ಅವನು ಪ್ರತಿ ವರದಿಯನ್ನೂ ಒಂದೇ ವಾಕ್ಯದಿಂದ ಮುಗಿಸತೊಡಗಿದ: ‘ರೋಗಿಯ ಸ್ಥಿತಿಯೊಂದಿಗೆ ತಾಳೆ ನೋಡುವುದು.’ ಅವನ ವೃತ್ತಿಯವರೆಲ್ಲ ಬರೆಯುವ ವಾಕ್ಯ ಅದು. ಅದನ್ನು ಬರೆದು ಯಾರೂ ಕೆಟ್ಟಿಲ್ಲ.

ಒಂದು ದಿನ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳನ್ನು ಅವನ ಯಂತ್ರದ ಮೇಲೆ ಮಲಗಿಸಿದರು. ಮುರಿದ ಕಾಲು ಪ್ಲಾಸ್ಟರಿನಲ್ಲಿತ್ತು. ಬೆಳಗಿನಿಂದ ಉಸಿರು ಸಾಲುತ್ತಿರಲಿಲ್ಲ. ಸ್ಕ್ಯಾನ್ ಮುಗಿದ ಮೇಲೆ ಆಕೆ ತಡೆತಡೆದು ಹೇಳಿದಳು: “ಇದು ಒಬ್ಬರನ್ನೇ ಎರಡು ತರ ನೋಡುತ್ತಂತೆ. ನಮ್ಮತ್ತೇನೂ ಹಂಗೇ ಸಾರ್. ಏನಾದ್ರೂ ಕಾಣಿಸ್ತಾ?”

“ವಾರ್ಡಿನ ಡಾಕ್ಟ್ರು ಹೇಳ್ತಾರಮ್ಮ” ಎಂದ ವೈದ್ಯ.

ಬಲ ಶ್ವಾಸಕೋಶದ ತಳದಲ್ಲಿ ಕಪ್ಪು ಇತ್ತು. ಬೆಣೆಯ ಆಕಾರ, ಅಗಲವಾದ ತುದಿ ಶ್ವಾಸಕೋಶದ ಅಂಚಿಗೆ ತಾಗಿತ್ತು. ಸುಳ್ಳು ಗೆರೆಗಳು ಆ ಜಾಗದಲ್ಲಿ ಆ ಆಕಾರದಲ್ಲಿ ಬರುವುದಿಲ್ಲ. ಇದು ವೈದ್ಯನಿಗೆ ಗೊತ್ತಿತ್ತು. ಮಾಮೂಲಿ ಚಿತ್ರದಲ್ಲಿ ನಾಳಗಳು ತೆರೆದೇ ಇರುವಂತೆ ಕಂಡವು. ಕಡಿಮೆ ಶಕ್ತಿಯ ಚಿತ್ರದಲ್ಲಿ ಔಷಧ ಹೆಚ್ಚು ಬೆಳಗುತ್ತದೆ. ಅದನ್ನು ತೆರೆದು ಆ ಕಪ್ಪಿನ ಕಡೆಗೆ ಹೋಗುವ ಕವಲನ್ನು ಹಿಂಬಾಲಿಸಬಹುದಿತ್ತು. ಹಿಂಬಾಲಿಸಿದರೆ ಹೆಪ್ಪು ಕಂಡೀತು. ಕಂಡರೆ ಹೆಸರಿಡಬೇಕಾದೀತು. ವೈದ್ಯ ಆ ಚಿತ್ರವನ್ನು ತೆರೆಯಲಿಲ್ಲ.

‘ರಕ್ತ ತಲುಪದ ಭಾಗವಿದೆ. ಚಿತ್ರದ ದೋಷವೂ ಇರಬಹುದು. ರೋಗಿಯ ಸ್ಥಿತಿಯೊಂದಿಗೆ ತಾಳೆ ನೋಡುವುದು’ ಎಂದು ಬರೆದ.

ವಾರ್ಡಿನ ವೈದ್ಯ ಅದನ್ನು ಓದಿದ. ರೋಗಿಯ ಸ್ಥಿತಿಯಿಂದ ಏನೂ ತೀರ್ಮಾನವಾಗದೆಯೇ ಅವನು ಸ್ಕ್ಯಾನಿಗೆ ಕಳುಹಿಸಿದ್ದು. ಸ್ಕ್ಯಾನು ಅವನನ್ನು ರೋಗಿಯ ಸ್ಥಿತಿಯ ಕಡೆಗೇ ವಾಪಸು ಕಳುಹಿಸಿತ್ತು. ದೋಷವೂ ಇರಬಹುದು ಎಂಬ ಮಾತನ್ನು ಹಿಡಿದುಕೊಂಡು ರಕ್ತ ತೆಳುವಾಗಿಸುವ ಔಷಧವನ್ನು ಮರುದಿನಕ್ಕೆ ಮುಂದೂಡಿದ.

ಶ್ವಾಸಕೋಶಕ್ಕೆ ಬಂದು ಸಿಕ್ಕಿದ್ದು ಒಂದು ಚೂರು ಮಾತ್ರ. ದೊಡ್ಡ ಹೆಪ್ಪು ಇನ್ನೂ ಕಾಲಿನಲ್ಲಿತ್ತು. ಮರುದಿನ ಬೆಳಿಗ್ಗೆ ಮುಖ ತೊಳೆಯಲೆಂದು ಆಕೆ ಮಂಚದಿಂದ ಇಳಿದಳು. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಏರಿತು. ಅಲ್ಲೇ ಕುಸಿದಳು. ಔಷಧದ ಸೂಜಿ ತರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಸುದ್ದಿ ತಿಳಿದ ವೈದ್ಯ ಬಾಗಿಲು ಹಾಕಿಕೊಂಡು, ಹಿಂದಿನ ದಿನ ತೆರೆಯದೆ ಬಿಟ್ಟಿದ್ದ ಆ ಚಿತ್ರವನ್ನು ತೆರೆದ. ಕವಲನ್ನು ಹಿಂಬಾಲಿಸಿದ. ಹೆಪ್ಪು ಅಲ್ಲೇ ಇತ್ತು. ಅದನ್ನು ಹುಡುಕಲು ಆ ಮೂರು ವಾಕ್ಯ ಬರೆದಷ್ಟು ಹೊತ್ತೂ ಹಿಡಿಯಲಿಲ್ಲ.

ಸಾವಿನ ಕಾರಣ ವಿಚಾರಿಸಲು ಮತ್ತೆ ಸಭೆ ಸೇರಿತು. ವರದಿಯನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ ಸುಳ್ಳೆನ್ನುವಂಥ ಮಾತು ಒಂದೂ ಇರಲಿಲ್ಲ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಹಿಂದೆ ನಗಿಸಿದ್ದ ಹಿರಿಯರು ಹೊರಗೆ ಬಂದು ವೈದ್ಯನ ಬೆನ್ನು ತಟ್ಟಿ, “ಈ ಸಲ ಹುಷಾರಾಗಿ ಬರೆದಿದ್ದೀಯ ಕಣಯ್ಯ” ಎಂದರು. ವೈದ್ಯ ಅವರಿಗೆ ಕೈ ಮುಗಿದ. ಮುಂದಿನ ಸ್ಕ್ಯಾನ್ ಕಾಯುತ್ತಿತ್ತು. ಹೋಗಿ ಕುಳಿತು, ಓದಿ, ಕೊನೆಯ ವಾಕ್ಯವನ್ನು ಎಂದಿನಂತೆಯೇ ಬರೆದ.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶರ್ವಾಣಿಗೆ ಸಮಾಧಾನವಾಗಲಿಲ್ಲ. “ಹೆಪ್ಪು ಅಂತ ಬರೆದು, ಆಮೇಲೆ ಅದು ಸುಳ್ಳಾಗಿದ್ದರೆ ಸರ್? ಅವನನ್ನು ಯಾರು ಬಿಡುತ್ತಿದ್ದರು? ಒಮ್ಮೆ ಸುಟ್ಟುಕೊಂಡವನು ಅಪಾಯ ತಪ್ಪಿಸಿಕೊಂಡದ್ದು ಅಷ್ಟು ದೊಡ್ಡ ಅಪರಾಧವೇ?”

“ಅಪಾಯ ಎಲ್ಲಿಗೂ ಹೋಗಲಿಲ್ಲ, ಶರ್ವಾಣಿ, ತಾನು ಹೊರಬೇಕಾದದ್ದನ್ನು ಅವನು ಆ ಹೆಂಗಸಿನ ಎದೆಯ ಮೇಲಿಟ್ಟ.”