ಬೋರಲಿಂಗನ ಮುಖದ ಮಣ್ಣು

ಮುಖ ಎತ್ತಿ. ಹಾಂ, ಹಾಗೆ. ಮೂವರಿಗೂ ಹಚ್ಚಿದ್ದಾಯಿತು. ಇನ್ನು ಒಣಗೋವರೆಗೆ ಮಾತಾಡಬಾರದು, ನಗಬಾರದು. ಮಾತಾಡಿದರೆ ಮಣ್ಣು ಬಿರಿಯುತ್ತೆ, ನಕ್ಕರೆ ಉದುರುತ್ತೆ. ನೀವು ಸುಮ್ಮನೆ ಕೂರೋ ಮೊಮ್ಮಕ್ಕಳಲ್ಲ, ಅದಕ್ಕೇ ಒಂದು ಕತೆ ಹೇಳ್ತೀನಿ. ಪೆದ್ದನ ಕತೆ. ಪೆದ್ದ ಅಂದಕೂಡಲೇ ಹಲ್ಲು ಬಿಡಬೇಡಿ! ಇದು ನಗೋ ಕತೆ ಅಲ್ಲ. ನಗು ಬಂದರೆ ಅದು ನಿಮ್ಮ ತಪ್ಪು, ನನ್ನದಲ್ಲ.

ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ಹೆಂಗಸು. ಗಂಡ ತೀರಿಹೋಗಿದ್ದ. ಒಬ್ಬನೇ ಮಗ, ಬೋರಲಿಂಗ. ಆಳು ನೋಡಿದರೆ ಆರಡಿ, ಮೀಸೆ ನೋಡಿದರೆ ಗೇಣುದ್ದ, ಬುದ್ಧಿ ನೋಡಿದರೆ ಸಾಸಿವೆಯಷ್ಟು. ಕೆಟ್ಟವನಲ್ಲ, ಸೋಮಾರಿಯಲ್ಲ, ಎದುರಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ.

ನಿಂಗಾಜಮ್ಮನ ಕಸುಬು ಮುಖದ ಮಣ್ಣು. ಕೆರೆಯ ಬಿಳಿ ಜೇಡಿ, ಬಳಪದ ಕಲ್ಲಿನ ಪುಡಿ, ಒಂದು ಚಿಟಿಕೆ ಪಟಿಕ, ಇಷ್ಟನ್ನು ಸೇರಿಸಿ ಹದ ಮಾಡೋಳು. ಮೊಡವೆ ಎದ್ದವರಿಗೆ, ಬಿಸಿಲಿಗೆ ಕಪ್ಪಾದವರಿಗೆ, ಮದುವಣಗಿತ್ತಿಯರಿಗೆ, ಎಲ್ಲರಿಗೂ ಅವಳ ಮಣ್ಣೇ ಆಗಬೇಕು. ನಲವತ್ತು ವರ್ಷ ಕುಟ್ಟಿದಳು, ನಲವತ್ತು ವರ್ಷ ಜರಡಿ ಹಿಡಿದಳು. ಆ ಪುಡಿಯೆಲ್ಲ ಎದೆಗಿಳಿದು ಕೂತಿತು. ಕೆಮ್ಮು ಶುರುವಾಯಿತು. ಕೆಮ್ಮಿದಾಗೆಲ್ಲ ಮಗನ ಮುಖ ನೋಡೋಳು.

"ನಾನು ಹೋದರೆ ಇವನ ಗತಿ ಏನಪ್ಪಾ ಶಿವನೇ! ಈ ಕಸುಬೊಂದು ಇವನ ಕೈಗೆ ಹತ್ತಿದರೆ ಸಾಕು. ನೆಮ್ಮದಿಯಾಗಿ ಹೋಗ್ತೀನಿ."

ಒಂದು ದಿನ ಕರೆದು ಹೇಳಿದಳು. "ಮಗ, ಕೆರೆ ಏರಿ ಹಿಂದಕ್ಕೆ ಹೋಗು. ಬಿಳಿ ಜೇಡಿ ಅಗೆದು ತಾ. ಮಜ್ಜಿಗೆ ಹಾಕಿ ಕಲಸು. ಪಟೇಲರ ಮಗಳಿಗೆ ಕೊಟ್ಟು ಬಾ."

"ಆಯ್ತವ್ವ!"

ಹೋದ. ಅಗೆದ. ತಂದ. ಮಜ್ಜಿಗೆ ಹಾಕಿದ, ಕಲಸಿದ, ಕೊಟ್ಟು ಬಂದ. ಅದರಲ್ಲಿ ನೊರಜುಗಲ್ಲು ಇತ್ತು, ಜೊಂಡಿನ ಬೇರಿತ್ತು, ಎರಡು ಬಸವನಹುಳುವಿನ ಚಿಪ್ಪಿತ್ತು. ಪಟೇಲರ ಮಗಳು ಹಚ್ಚಿಕೊಂಡು ಉಜ್ಜಿದಳು. ಕೆನ್ನೆ ಪರಪರ ಕೆರೆದು ರಕ್ತ ಬಂತು! ಪಟೇಲರ ಹೆಂಡತಿ ಬಟ್ಟಲು ತಂದು ಜಗಲಿ ಮೇಲೆ ಕುಕ್ಕಿದಳು.

"ಪೆದ್ದುಮುಂಡೇದೇ!" ಅಂದಳು ನಿಂಗಾಜಮ್ಮ. "ನೀರಲ್ಲಿ ಕದಡಬೇಕಿತ್ತು ಕಣೋ! ಕದಡಿದರೆ ಕಲ್ಲು ಮೊದಲು ಕೂರುತ್ತೆ. ಮೇಲಿನ ನೀರನ್ನ ಬೇರೆ ಗಡಿಗೆಗೆ ಬಗ್ಗಿಸಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ತಿಳಿನೀರು ಚೆಲ್ಲಿ, ತಳದಲ್ಲಿ ಕೂತಿದ್ದನ್ನ ಇಟ್ಕೋಬೇಕು."

"ಆಯ್ತವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನ ಸಂತೆಗೆ ಕಳಿಸಿದಳು. "ಪಟಿಕ ತಗೊಂಡು ಬಾ ಮಗ. ತಂದು ಪುಡಿಗೆ ಅಣಿ ಮಾಡಿಡು."

ತಂದ. ಗಾಜಿನ ಹಾಗೆ ಹೊಳೆಯೋ ದೊಡ್ಡ ಗಡ್ಡೆ. ಅವ್ವನ ಮಾತು ನೆನೆಸಿಕೊಂಡ. ಗಡಿಗೆಯಲ್ಲಿ ನೀರು ತುಂಬಿ ಪಟಿಕ ಹಾಕಿದ, ಕದಡಿದ, ಬೇರೆ ಗಡಿಗೆಗೆ ಬಗ್ಗಿಸಿದ, ಒಂದು ರಾತ್ರಿ ಬಿಟ್ಟ. ಬೆಳಗ್ಗೆ ತಿಳಿನೀರನ್ನು ನುಗ್ಗೆಮರದ ಬುಡಕ್ಕೆ ಚೆಲ್ಲಿದ. ತಳ ನೋಡಿದ. ತಳದಲ್ಲಿ ತಳವೇ ಇತ್ತು!

"ಅವ್ವಾ! ಕಳ್ಳರು ಬಂದಿದ್ರು! ಪಟಿಕ ಕದ್ದು ಗಡಿಗೆ ಬಿಟ್ಟು ಹೋಗವ್ರೆ!"

ಏ, ನಗಬೇಡ ಅಂದೆ. ತುಟಿ ಅಲ್ಲಾಡ್ತಾ ಇದೆ, ನೋಡಿದೆ ನಾನು.

"ಅಯ್ಯೋ ನನ್ನ ಕರ್ಮವೇ! ಪಟಿಕ ನೀರಲ್ಲಿ ಕರಗುತ್ತೆ ಕಣೋ! ಅದನ್ನ ಬಾಣಲೆಗೆ ಹಾಕಿ ಒಲೆ ಮೇಲಿಡಬೇಕು. ಅರಳಿನ ಹಾಗೆ ಉಬ್ಬಿದ ಮೇಲೆ ಕುಟ್ಟಬೇಕು."

"ಆಯ್ತವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಕುರಿ ಕಾಯೋ ಕೆಂಚಪ್ಪನಿಗೆ ತುರಿಗಜ್ಜಿ ಎದ್ದಿತ್ತು. ತುರಿಗಜ್ಜಿಗೆ ಗಂಧಕ ಮದ್ದು. ನಿಂಗಾಜಮ್ಮ ಮಗನ ಕೈಗೆ ಹಳದಿ ಗಂಧಕದ ಗಡ್ಡೆ ಕೊಟ್ಟು, "ಇದನ್ನ ಪುಡಿ ಮಾಡಿಡು" ಅಂತ ಹೇಳಿ ಬಾವಿಗೆ ಹೋದಳು.

ಬೋರಲಿಂಗ ಬಾಣಲೆ ತಂದ. ಒಲೆ ಮೇಲಿಟ್ಟ. ಗಂಧಕ ಹಾಕಿದ. ಉಬ್ಬುತ್ತೆ ಉಬ್ಬುತ್ತೆ ಅಂತ ಕಾದು ಕೂತ. ಅದು ಉಬ್ಬಲಿಲ್ಲ. ಕರಗಿತು, ಕೆಂಪಾಯಿತು, ಭಗ್ ಅಂತ ನೀಲಿ ಬೆಂಕಿ ಹತ್ತಿತು! ಹೊಗೆ ಬಾಗಿಲಲ್ಲಿ ಬಂತು, ಕಿಟಕಿಯಲ್ಲಿ ಬಂತು, ಹೆಂಚಿನ ಸಂದಿಯಲ್ಲಿ ಬಂತು. ಬೀದಿಯ ಜನ ಕೆಮ್ಮಿದರು, ನಾಯಿ ಕೆಮ್ಮಿತು, ಕೋಳಿ ಕೂಡ ಕೆಮ್ಮಿತು. ನಿಂಗಾಜಮ್ಮ ಬಿಂದಿಗೆ ಎಸೆದು ಓಡಿ ಬಂದು ಬಾಣಲೆ ಮೇಲೆ ಬೂದಿ ಸುರಿದಳು. ಊರವರ ಕೆಮ್ಮು ಸಂಜೆಗೆ ನಿಂತಿತು. ಅವಳದು ಮೊದಲೇ ಇತ್ತು, ಇನ್ನಷ್ಟು ಹೆಚ್ಚಿತು.

"ಕೊಂದೆಯಲ್ಲೋ! ಇಂಥಾದ್ದನ್ನ ಬೆಂಕಿ ಹತ್ರ ತರಬಾರದು ಕಣೋ! ಕಲಸಬೇಕು, ಡಬ್ಬಿಗೆ ತುಂಬಬೇಕು, ಬಾಯಿ ಬಿಗಿಯಾಗಿ ಕಟ್ಟಿ ಮೂಲೆಯಲ್ಲಿಡಬೇಕು. ಕೇಳಿದವರಿಗೆ ಕೊಡಬೇಕು. ಅಷ್ಟೇ!"

"ಆಯ್ತವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಅದೇ ತಿಂಗಳು ಮೇಗಲಕೇರಿ ಜವರಮ್ಮನ ಮಗಳ ಮದುವೆ. "ಬರೋ ಶುಕ್ರವಾರ ಹೆಣ್ಣಿಗೆ ಮುಖದ ಮಣ್ಣು ಹಚ್ಚಬೇಕು, ಮೊಸರಲ್ಲಿ ಕಲಸಿ ಕಳಿಸು ನಿಂಗಾಜಮ್ಮ" ಅಂತ ಜವರಮ್ಮ ಹೇಳಿ ಹೋದಳು. ನಿಂಗಾಜಮ್ಮ ಮಲಗಿದ್ದವಳು ಮಲಗಿದ್ದಲ್ಲೇ ಮಗನಿಗೆ ಹೇಳಿದಳು.

ಮಗ ಅವತ್ತೇ ಮೊಸರು ತಂದ, ಕಲಸಿದ, ಡಬ್ಬಿಗೆ ತುಂಬಿದ, ಬಾಯಿ ಬಿಗಿಯಾಗಿ ಕಟ್ಟಿ ಮೂಲೆಯಲ್ಲಿಟ್ಟ. ಎಂಟು ದಿನ. ಅದೂ ಚೈತ್ರದ ಬಿಸಿಲು! ಶುಕ್ರವಾರ ಚಪ್ಪರದ ಕೆಳಗೆ ಹೆಣ್ಣು ಕೂತಿದ್ದಾಳೆ, ಮುತ್ತೈದೆಯರು ಸೋಬಾನೆ ಹಾಡ್ತಾ ಇದ್ದಾರೆ. ಬೋರಲಿಂಗ ಡಬ್ಬಿ ಬಿಚ್ಚಿದ. ಹಾಡು ನಿಂತಿತು. ಹೆಣ್ಣು ಎದ್ದು ಓಡಿತು. ಬೀಗಿತ್ತಿ ಮೂಗು ಹಿಡಿದುಕೊಂಡು, "ಏನು ಸತ್ತಿದೆಯೋ ಅದರಲ್ಲಿ?" ಅಂದಳು. "ಏನೂ ಸತ್ತಿಲ್ಲವ್ವ, ಎಂಟು ದಿನದಿಂದ ಉಸಿರು ಕಟ್ಟಿ ಇಟ್ಟಿದ್ದೀನಿ" ಅಂದ ಬೋರಲಿಂಗ.

ಮನೆಗೆ ಬಂದರೆ ಬೈಗುಳ ಕಾದಿತ್ತು. "ಅಯ್ಯೋ ಮಂಕೇ! ಹಸಿ ಮಣ್ಣು ಅವತ್ತಿಂದು ಅವತ್ತೇ ಆಗಬೇಕು! ಕಲಸಿದ ಕೂಡಲೇ ಮುಖಕ್ಕೆ ಹಚ್ಚಬೇಕು. ಹಚ್ಚಿದ ಮೇಲೆ ಒಣಗೋವರೆಗೆ ಮಾತಾಡಬಾರದು, ನಗಬಾರದು. ಒಣಗಿದ ಮೇಲೆ ತಣ್ಣೀರಲ್ಲಿ ತೊಳೀಬೇಕು. ತಿಳೀತೇನೋ?"

"ಆಯ್ತವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಈಗ ಕೇಳಿ. ಪೇಟೆಯಲ್ಲಿ ರಾಚಶೆಟ್ಟರು ಅಂತ ಗ್ರಂಧಿಗೆ ಅಂಗಡಿಯವರಿದ್ದರು. ನಾರು ಬೇರು, ಗಂಧ, ಗೋರೋಚನ, ಎಲ್ಲಾ ಮಾರೋರು. ನಿಂಗಾಜಮ್ಮನ ಮಣ್ಣಿಗೆ ಅವರೇ ದೊಡ್ಡ ಗಿರಾಕಿ. ಅವಳಿಗೆ ಹುಷಾರಿಲ್ಲ ಅಂತ ಕೇಳಿ ಹೇಳಿಕಳಿಸಿದರು. "ಬುಧವಾರ ಬರ್ತೀನಿ. ನಿನ್ನ ಮಗನಿಗೆ ಕಸುಬು ಬರುತ್ತೆ ಅಂದರೆ ನನ್ನ ಅಂಗಡಿಯಲ್ಲೇ ಇಟ್ಕೊಳ್ತೀನಿ. ಕೊನೇತನಕ ಅನ್ನಕ್ಕೆ ತೊಂದರೆ ಇರಲ್ಲ."

ನಿಂಗಾಜಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಬುಧವಾರ ಎದ್ದು ಮಗನಿಗೆ ತಲೆ ಬಾಚಿದಳು. "ಶೆಟ್ಟರಿಗೆ ತೋರಿಸೋಕೆ ಒಂದು ಬಟ್ಟಲು ಮಣ್ಣು ಕಲಸಿಡು ಮಗ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳು. ನಾನು ಮಾರಮ್ಮನ ಗುಡಿಗೆ ಹೋಗಿ ಕೈ ಮುಗಿದು ಬರ್ತೀನಿ."

ಬೋರಲಿಂಗ ಕಲಸಿದ. ಕಲಸಿದ ಕೂಡಲೇ ಹಚ್ಚಬೇಕಲ್ಲ! ಯಾರ ಮುಖಕ್ಕೆ? ಮನೆಯಲ್ಲಿ ಇದ್ದದ್ದು ಒಂದೇ ಮುಖ. ಹಣೆಗೆ, ಕೆನ್ನೆಗೆ, ಮೀಸೆಗೆ, ಎಲ್ಲಕ್ಕೂ ಬಳಿದುಕೊಂಡು ಜಗಲಿ ಮೇಲೆ ಕೂತ. ಶೆಟ್ಟರು ಬಂದರು.

"ಏನಪ್ಪ, ನೀನೇ ಏನು ನಿಂಗಾಜಮ್ಮನ ಮಗ?"

ಮಾತಿಲ್ಲ.

"ಜೇಡಿ ಎಷ್ಟು ಹೊತ್ತು ನೆನೆಸ್ತೀಯ?"

ಮಾತಿಲ್ಲ. ಕಣ್ಣು ಮಾತ್ರ ಪಿಳಿಪಿಳಿ.

"ಅಯ್ಯೋ ಪಾಪ! ಮೂಗ ಅಂತ ಆ ತಾಯಿ ಹೇಳಲೇ ಇಲ್ಲವಲ್ಲ" ಅಂತ ಶೆಟ್ಟರು ಗಾಡಿ ಹತ್ತಿದರು.

ಮಣ್ಣು ಒಣಗಿತು. ಬೋರಲಿಂಗ ತಣ್ಣೀರಲ್ಲಿ ತೊಳೆದುಕೊಂಡ. ಆಮೇಲೆ ಓಡಿದ ನೋಡಿ, ಗಾಡಿ ಹಿಂದೆ! "ಒಂದು ರಾತ್ರಿ! ಶೆಟ್ಟರೇ, ಒಂದು ರಾತ್ರಿ! ಹೌದು, ನಾನೇ ನಿಂಗಾಜಮ್ಮನ ಮಗ!" ಗಾಡಿ ಆಗಲೇ ಕೆರೆ ಏರಿ ದಾಟಿತ್ತು. ಎದುರಿಗೆ ಗುಡಿಯಿಂದ ಅವ್ವ ಬರ್ತಾ ಇದ್ದಳು. ಗಾಡಿ ನೋಡಿದಳು, ಮಗನ್ನ ನೋಡಿದಳು, ಕಿವಿ ಹಿಂದೆ ಅಂಟಿದ್ದ ಮಣ್ಣು ನೋಡಿದಳು. ಎಲ್ಲಾ ಅರ್ಥವಾಯಿತು.

ಅವತ್ತು ಅವಳು ಬೈಯಲಿಲ್ಲವಾ? ಬೈದಳು. ಆದರೆ ಅವನನ್ನಲ್ಲ.

"ನಾನೇ ಪೆದ್ದಿ" ಅಂದಳು. "ಯಾವಾಗಲೂ ತಪ್ಪಾದ ಮೇಲೆ ಹೇಳಿದೆ. ಒಂದು ಸಲವಾದರೂ ಮೊದಲಿಂದ ಕೊನೇವರೆಗೂ ಕೂರಿಸಿಕೊಂಡು ಹೇಳಲಿಲ್ಲ. ಬಾ ಇಲ್ಲಿ."

ಮನೆಗೆ ಕರೆತಂದು ಹಾಸಿಗೆ ಪಕ್ಕ ಕೂರಿಸಿಕೊಂಡಳು. ಅವನ ಬೆರಳು ಒಂದೊಂದೇ ಮಡಿಸಿ ಹೇಳಿಕೊಟ್ಟಳು. ಯಾವ ಮಣ್ಣು ಅಗೀಬೇಕು, ಎಷ್ಟು ನೀರಲ್ಲಿ ಕದಡಬೇಕು, ಯಾವ ನೆರಳಲ್ಲಿ ಮೂರು ದಿನ ಒಣಗಿಸಬೇಕು. ಬಳಪದ ಪುಡಿ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಅಂತ ಮೂರು ಸಲ ಹೇಳಿದಳು. ಪಟಿಕ ಉಗುರಿನ ತುದಿಯಷ್ಟು. ಮಜ್ಜಿಗೆ ಹುಳಿ ಬಂದಿರಬಾರದು.

"ಯಾರ ಮುಖಕ್ಕೆ ಹಚ್ಚಲವ್ವ?"

ನಿಂಗಾಜಮ್ಮ ತನ್ನ ಕೆನ್ನೆ ಸವರಿಕೊಂಡಳು. "ನನ್ನ ಮುಖಕ್ಕೇ ಹಚ್ಚು. ನಲವತ್ತು ವರ್ಷ ಊರಿಗೆಲ್ಲ ಹಚ್ಚಿದೆ. ನನಗೆ ಅಂತ ಯಾರೂ ಹಚ್ಚಲಿಲ್ಲ. ಹಚ್ಚು, ಒಣಗಲಿ, ತೊಳಿ. ತಪ್ಪಾಗಿದ್ದರೆ ಬೈತೀನಿ. ಬೈಲಿಲ್ಲ ಅಂದ್ರೆ ಸರಿಯಾಗಿದೆ ಅಂತ ತಿಳ್ಕೋ. ಆಮೇಲೆ ಯಾವತ್ತೂ ಹಂಗೇ ಮಾಡು."

"ಆಯ್ತವ್ವ. ಹಂಗೇ ಮಾಡ್ತೀನಿ."

ಮೊದಲನೇ ದಿನ ಅಗೆದು ತಂದು ಕದಡಿಟ್ಟ. ಎರಡನೇ ದಿನ ತಿಳಿ ಚೆಲ್ಲಿ, ತಳದ ಮಣ್ಣನ್ನು ನೆರಳಿಗೆ ಹರಡಿದ. ಮೂರು ದಿನ ಅದರ ಪಕ್ಕದಲ್ಲೇ ಕೂತ, ಕೋಳಿ ಬಂದರೆ ಓಡಿಸಿದ. ಮೂಗಿಗೆ ಬಟ್ಟೆ ಕಟ್ಟಿ ಜರಡಿ ಹಿಡಿದ. ಒಳಗಿಂದ ಕೆಮ್ಮು ಕೇಳಿಸ್ತಾ ಇತ್ತು. ಐದನೇ ದಿನ ಬೆಳಗ್ಗೆ ಕೆಮ್ಮು ಕೇಳಿಸಲಿಲ್ಲ. 'ಅವ್ವನಿಗೆ ಗುಣವಾಯಿತು' ಅಂದುಕೊಂಡ.

ಕೋಳಿ ಕೂಗೋ ಹೊತ್ತಿಗೇ ಅವಳು ಹೋಗಿಬಿಟ್ಟಿದ್ದಳು.

ಬೋರಲಿಂಗ ಬಟ್ಟಲು ಹಿಡಿದು ಬಂದ. ಸಿಹಿ ಮಜ್ಜಿಗೆಯಲ್ಲಿ ಕಲಸಿದ್ದ. ಹಾಸಿಗೆ ಪಕ್ಕ ಕೂತು ಅವ್ವನ ಹಣೆಗೆ ಹಚ್ಚಿದ, ಕೆನ್ನೆಗೆ ಹಚ್ಚಿದ, ಗಲ್ಲಕ್ಕೆ ಹಚ್ಚಿದ. ಅವಳು ಮಾತಾಡಲಿಲ್ಲ, ನಗಲಿಲ್ಲ. 'ಅವ್ವ ಎಷ್ಟು ಚೆನ್ನಾಗಿ ಹೇಳಿದ ಮಾತು ಕೇಳ್ತಾಳೆ!' ಅಂದುಕೊಂಡು ಬೀಸಣಿಗೆ ತಗೊಂಡು ಗಾಳಿ ಹಾಕ್ತಾ ಕೂತ.

ಪಕ್ಕದ ಮನೆಯ ದೊಡ್ಡತಾಯವ್ವ ಗಂಜಿ ತಂದವಳು ಬಾಗಿಲಲ್ಲೇ ನಿಂತಳು. ಒಳಗೆ ಬಂದು ನಿಂಗಾಜಮ್ಮನ ಕಾಲು ಮುಟ್ಟಿ ನೋಡಿದಳು. ಗಂಜಿ ಬಟ್ಟಲು ಕೆಳಗೆ ಬಿತ್ತು. "ಅಯ್ಯೋ ನಿಂಗಾಜಮ್ಮಾ!"

"ಶ್!" ಅಂದ ಬೋರಲಿಂಗ. "ಮಾತಾಡಬೇಡ ದೊಡ್ಡವ್ವ. ಇನ್ನೂ ಒಣಗಿಲ್ಲ."

ಜನ ಸೇರಿದರು. ಎಲ್ಲರಿಗೂ ಅದೇ. "ಶ್! ಒಣಗಿಲ್ಲ. ಶ್! ಮಾತಾಡಬಾರದು." ಪಟೇಲರಿಗೂ ಅದೇ, ಕೆಂಚಪ್ಪನಿಗೂ ಅದೇ, ಜವರಮ್ಮನಿಗೂ ಅದೇ. ಅಷ್ಟು ಜನ ಸೇರಿದ ಸಾವಿನ ಮನೆಯಲ್ಲಿ ಒಂದು ಸೊಲ್ಲಿಲ್ಲ. ಅವನಿಗೆ ಹೇಳೋ ಧೈರ್ಯ ಯಾರಿಗೂ ಬರಲಿಲ್ಲ.

ಮಣ್ಣು ಒಣಗಿತು. ಬೋರಲಿಂಗ ತಣ್ಣೀರು ತಂದ. ಬಟ್ಟೆ ಅದ್ದಿ, ಮೆಲ್ಲಗೆ ತೊಳೆದ. ಒಂದು ಗೀರಿಲ್ಲ, ಒಂದು ನಾತವಿಲ್ಲ, ಒಂದು ನೊರಜಿಲ್ಲ. ನಿಂಗಾಜಮ್ಮನ ಮುಖ ಅಷ್ಟು ತಿಳಿಯಾಗಿದ್ದದ್ದನ್ನು ಊರು ನೋಡಿಯೇ ಇರಲಿಲ್ಲ. ಬಟ್ಟಲಲ್ಲಿ ಉಳಿದಿದ್ದ ಮಣ್ಣನ್ನು ದೊಡ್ಡತಾಯವ್ವ ಬೆರಳಲ್ಲಿ ಉಜ್ಜಿ ನೋಡಿದಳು. ಬೆಣ್ಣೆ!

ಬೋರಲಿಂಗ ಅವ್ವನ ಬಾಯಿ ಹತ್ತಿರ ಕಿವಿಯಿಟ್ಟ. ಕಾದ. ಬೈಗುಳ ಬರಲಿಲ್ಲ. ಇನ್ನೂ ಕಾದ. ಬರಲಿಲ್ಲ.

ಎದ್ದು ನಿಂತ. ಮುಖ ಅರಳಿತು. ಎರಡು ಕೈ ತಟ್ಟಿದ. ಆ ಸಾವಿನ ಮನೆಯಲ್ಲಿ, ಊರೆಲ್ಲ ತಲೆ ಬಗ್ಗಿಸಿ ನಿಂತಿರುವಾಗ, ಬಿದ್ದು ಬಿದ್ದು ನಕ್ಕ.

"ಬೈಲಿಲ್ಲ! ದೊಡ್ಡವ್ವಾ, ಅವ್ವ ಬೈಲಿಲ್ಲ! ಸರಿಯಾಗಿದೆ! ಸರಿಯಾಗಿದೆ!"

ಆ ದೊಡ್ಡತಾಯವ್ವ ನನ್ನ ಅಜ್ಜಿ. ಅವನನ್ನು ಕೈ ಹಿಡಿದು ಮನೆಗೆ ಕರೆತಂದವಳು ಅವಳೇ. ಅವನ ಮಣ್ಣನ್ನ ಶೆಟ್ಟರಿಗೆ ತೋರಿಸಿದವಳೂ ಅವಳೇ. ಅವನು ಸಾಯೋವರೆಗೂ ಅವನ ಮಣ್ಣು ಶೆಟ್ಟರ ಅಂಗಡಿಗೆ ಹೋಯಿತು, ಒಂದು ಸಲವೂ ಹದ ತಪ್ಪಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನಲ್ಲವೇ! ನನಗೆ ಹೇಳಿಕೊಟ್ಟವನೂ ಅವನೇ. ಈಗ ನಿಮ್ಮ ಮುಖದ ಮೇಲಿರೋದೂ ಅದೇ.

ಸರಿ, ಒಣಗಿತು. ಏಳಿ, ತೊಳ್ಕೊಳ್ಳಿ. ಅಯ್ಯೋ, ಇದೇನೇ ಪುಟ್ಟಿ, ನಿನ್ನ ಎರಡು ಕೆನ್ನೆ ಮೇಲೂ ಮಣ್ಣು ಕರಗಿ ಗೆರೆ ಬಿದ್ದಿದೆಯಲ್ಲ? ಹೋಗಲಿ ಬಿಡು, ನಿನ್ನ ತಪ್ಪಲ್ಲ. ನಗಬೇಡಿ ಅಂತ ಹೇಳಿದ್ದೆ. ಅಳಬೇಡಿ ಅಂತ ಹೇಳೋದನ್ನ ಮರೆತೆ.